ಮಳವಳ್ಳಿ ಹುಡುಗನಿಗೊಂದು ಉಗಿ ರೈಲು ಬೇಡವೇ?

ಮಳವಳ್ಳಿಯ ಹುಡುಗನಿಗೆ ರೈಲು ನೋಡುವ ಆಸೆಯಾದರೆ ಮೊದಲು ಬಸ್ಸು ಹತ್ತಬೇಕು. ಮದ್ದೂರಿಗೋ ಮಂಡ್ಯಕ್ಕೋ ಬಂದು ಸ್ಟೇಷನ್ನಿನಲ್ಲಿ ನಿಂತರೆ ಕರೆಂಟಿನ ಗಾಡಿ ರೊಯ್ಯನೆ ಬಂದು ಹೋಗುತ್ತದೆ. ಹೊಗೆಯಿಲ್ಲ, ಉಗಿಯಿಲ್ಲ. ಎಂಜಿನ್ ಹೇಗೆ ಎಳೀತದೆ ಅಂತ ಹುಡುಗ ಕೇಳಿದರೆ ಅಪ್ಪನ ಹತ್ತಿರವೂ ಉತ್ತರವಿಲ್ಲ.

ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ರೈಲು ಹಾದಿಗೆ 1996-97ರಲ್ಲೇ ಮಂಜೂರಾತಿ ಸಿಕ್ಕಿತ್ತು. ಆಗ ಹುಟ್ಟಿದ ಕೂಸುಗಳಿಗೆ ಮದುವೆಯಾಗಿ ಮಕ್ಕಳೂ ಆದವು. ಮಳವಳ್ಳಿಗೆ ರೈಲು ಮಾತ್ರ ಬರಲಿಲ್ಲ. ದೊಡ್ಡ ರೈಲು ದಿಲ್ಲಿಯವರಿಗೆ ಬಿಟ್ಟದ್ದು, ಹೋಗಲಿ. ಪಾರ್ಕಿನಲ್ಲಿ ಓಡುವ ಪುಟಾಣಿ ಉಗಿ ರೈಲಾದರೂ ಜಿಲ್ಲೆಯ ಕೈಲಾಗದೇ?

ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಶಾಲೆ ಪ್ರವಾಸಕ್ಕೆ ಹೋದ ಮಕ್ಕಳು ಅಲ್ಲಿ 1899ರ ಮಹಾರಾಣಿ ಸಲೂನ್ ನೋಡಿ ಬಾಯಿಬಿಡುತ್ತಾರೆ. ಆದರೆ ಹಳೇ ಉಗಿ ಎಂಜಿನ್‌ಗಳು ಬಣ್ಣ ಹೊಡೆಸಿಕೊಂಡು ತಣ್ಣಗೆ ನಿಂತಿವೆ. ಮಕ್ಕಳಿಗೆಂದು ಅಲ್ಲಿ ಓಡಿಸುತ್ತ ಬಂದ ಪುಟ್ಟ ರೈಲು ಬ್ಯಾಟರಿಯದು. ಖುಷಿಗೇನೂ ಕಮ್ಮಿಯಿಲ್ಲ. ನೀರು ಕಾದು ಉಗಿಯಾಗಿ ಚಕ್ರ ತಿರುಗಿಸುವ ಸೋಜಿಗ ಮಾತ್ರ ಅಲ್ಲಿಲ್ಲ.

ಇಂಗ್ಲೆಂಡಿನ ಕಡೆ ತೋಟದಲ್ಲಿ, ಪಾರ್ಕಿನಲ್ಲಿ ಏಳೂಕಾಲು ಇಂಚು ಅಗಲದ ಹಳಿ ಹಾಸಿ ನಿಜವಾದ ಉಗಿ ಎಂಜಿನ್ ಓಡಿಸುತ್ತಾರೆ. ಗಾತ್ರ ಚಿಕ್ಕದು, ಕೆಲಸ ಅದೇ. ಹಿಂದಿನ ತಗ್ಗು ಗಾಡಿಯ ಮೇಲೆ ಕಾಲು ಇಳಿಬಿಟ್ಟು ಕೂತ ಜನರನ್ನು ಅದು ಎಳೆದೊಯ್ಯುತ್ತದೆ. ಅಲ್ಲಿನ ಕೆಂಟ್ ಸೀಮೆಯಲ್ಲಿ 1927ರಲ್ಲಿ ಶುರುವಾದ ರಾಮ್ನಿ-ಹೈತ್ ರೈಲಿನ ಹಳಿ ಬರೀ 15 ಇಂಚು ಅಗಲ, ಸುಮಾರು 22 ಕಿಲೋಮೀಟರ್ ಉದ್ದ. 2015ರವರೆಗೂ ಮಕ್ಕಳು ಅದರಲ್ಲೇ ಶಾಲೆಗೆ ಹೋಗಿಬರುತ್ತಿದ್ದರು.

ಇದೆಲ್ಲ ಬಿಳಿಯರ ಶೋಕಿ ಅನ್ನುವವರು ಊಟಿ ಕಡೆ ನೋಡಲಿ. ಮೆಟ್ಟುಪಾಳ್ಯದಿಂದ ಕೂನೂರಿನ ಘಟ್ಟಕ್ಕೆ ಇಂದಿಗೂ ಉಗಿ ಎಂಜಿನ್ನೇ ಗಾಡಿಯನ್ನು ಹಿಂದಿನಿಂದ ನೂಕುತ್ತದೆ. ಅದಕ್ಕೆ ಬೇಕಾದ ಹೊಸ ಎಂಜಿನ್‌ಗಳನ್ನು ತಿರುಚ್ಚಿಯ ಪೊನ್ಮಲೈ ಕಾರ್ಖಾನೆಯಲ್ಲೇ ಮಾಡಿದ್ದಾರೆ. ಅಂದ ಮೇಲೆ ವಿದ್ಯೆ ಇನ್ನೂ ಸತ್ತಿಲ್ಲ.

ಮಂಡ್ಯಕ್ಕಂತೂ ಉಗಿ ಹೊಸದಲ್ಲ. ಬೆಂಗಳೂರು-ಮೈಸೂರು ಮೀಟರ್ ಗೇಜ್ ಹಾದಿ ಹಾಕಿದ್ದು 1881-82ರಲ್ಲಿ. ಮೈಷುಗರ್ ಕಂಪನಿ ಹುಟ್ಟಿದ್ದು 1933ರಲ್ಲಿ. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವನಿಗೆ ಬೆಂಕಿಯ ಹದ ಯಾರೂ ಹೇಳಿಕೊಡಬೇಕಿಲ್ಲ. ಆದರೆ 1990ರ ದಶಕದಲ್ಲಿ ಈ ಹಾದಿ ಬ್ರಾಡ್ ಗೇಜ್ ಆಯಿತು. ಹಿಂದೆ ಎಂಜಿನ್ನಿಗೆ ಕಲ್ಲಿದ್ದಲು ಎಸೆದ ಫೈರ್‌ಮನ್ನುಗಳಿಗೆ ಈಗ ಮುಪ್ಪು. ಅವರ ಕೈಯಲ್ಲಿರುವ ಕಸುಬು ಪುಸ್ತಕ ಓದಿ ಬರುವುದಲ್ಲ. ಅವರ ಪಕ್ಕದಲ್ಲಿ ನಾಲ್ಕು ಐಟಿಐ ಹುಡುಗರನ್ನು ಈಗಲೇ ನಿಲ್ಲಿಸದಿದ್ದರೆ ಆಮೇಲೆ ಕೇಳೋಣವೆಂದರೂ ಯಾರೂ ಇರುವುದಿಲ್ಲ.

ಒಂದು ಮಾತು ಮಾತ್ರ ಖಡಾಖಂಡಿತ. ಬಾಯ್ಲರ್ ಆಟದ ಸಾಮಾನಲ್ಲ. ಗಾಜಿನ ಕೊಳವೆಯಲ್ಲಿ ಸದಾ ನೀರು ಕಾಣುತ್ತಿರಬೇಕು. ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ತಾನಾಗಿ ಉಗಿ ಬಿಡಬೇಕು. ಗೊತ್ತಾದ ಅವಧಿಗೊಮ್ಮೆ ಬಾಯ್ಲರ್‌ಗೆ ತಣ್ಣೀರು ತುಂಬಿ ಹೆಚ್ಚು ಒತ್ತಡ ಕೊಟ್ಟು ಪರೀಕ್ಷಿಸಬೇಕು. ಪಾರ್ಕುಗಳ ಜಾರುಬಂಡೆ ತೂತಾಗಿ, ಉಯ್ಯಾಲೆ ಸರಪಳಿ ಹರಿದು ನೇತಾಡುವುದನ್ನು ಕಂಡ ಜನ ಇದನ್ನು ಕೇಳಿಯೇ ಕೇಳುತ್ತಾರೆ. ಟೇಪು ಕತ್ತರಿಸುವ ದಿನಕ್ಕೆ ಹಣ ಹುಟ್ಟುತ್ತದೆ, ಬೋಲ್ಟು ಬಿಗಿ ಮಾಡುವ ದಿನಕ್ಕೆ ಹುಟ್ಟುವುದಿಲ್ಲ. ಆದ್ದರಿಂದ ರಿಪೇರಿ ಹಣವನ್ನು ಮೊದಲೇ ಬ್ಯಾಂಕಿನಲ್ಲಿಡಲಿ, ಆಮೇಲೆ ಹಳಿ ಹಾಸಲಿ. ಅದಾಗದಿದ್ದರೆ ರೈಲೇ ಬೇಡ.

ಕೆಆರ್‌ಎಸ್ ಬಳಿ ಡಿಸ್ನಿಲ್ಯಾಂಡ್ ಮಾದರಿ ಪಾರ್ಕು ಎಂಬ ಮಾತು 2018ರಲ್ಲೇ ಎದ್ದಿತ್ತು. ಅಷ್ಟು ದೊಡ್ಡದನ್ನು ಇಲ್ಲಿ ಯಾರು ಕೇಳಿದರು? ಇನ್ನೂರು ಗಜ ಹಳಿ, ಒಂದು ಎಂಜಿನ್, ಭಾನುವಾರ ಸಂಜೆ ಎರಡು ಗಂಟೆ ಹೊತ್ತು. ಮಳವಳ್ಳಿ ಹುಡುಗ ಮದ್ದೂರು ವಡೆ ತಿಂದುಕೊಂಡು ಒಂದು ಸುತ್ತು ಹೋಗಿಬಂದು, ಎಂಜಿನ್ ಹೇಗೆ ಎಳೀತದೆ ಅಂತ ಅಪ್ಪನಿಗೇ ಹೇಳಿಕೊಡಲಿ. ಇಷ್ಟು ಮಾಡಲು ಸಂಬಂಧಪಟ್ಟವರಿಗೆ ಮನಸ್ಸುಂಟೇ?