ಫೋನ್ ಚಾರ್ಜರಿನಿಂದ ಹ್ಯಾಮ್ ರೇಡಿಯೋ ನಡೆಯುತ್ತದೆಯೇ?

ಬೆಟ್ಟ ಹತ್ತಿ, ತುದಿಯಲ್ಲಿ ತಂತಿ ಕಟ್ಟಿ, ದೂರದವರೊಡನೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸಕ್ಕೆ 'ಸಮಿಟ್ಸ್ ಆನ್ ದಿ ಏರ್' ಎಂದು ಹೆಸರು. ಬ್ರಿಟನ್ನಿನಲ್ಲಿ 2002ರಲ್ಲಿ ಶುರುವಾದ ಇದರಲ್ಲಿ ಜನರೇಟರ್ ಬಳಸುವಂತಿಲ್ಲ, ವಿದ್ಯುತ್ತನ್ನು ಬೆನ್ನ ಮೇಲೆ ಹೊತ್ತೇ ಹೋಗಬೇಕು. 12 ವೋಲ್ಟಿನ, 7 ಆಂಪಿಯರ್-ಅವರ್‌ನ ಹಳೆಯ ಸೀಸದ ಬ್ಯಾಟರಿ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಪವರ್ ಬ್ಯಾಂಕ್ ಅರ್ಧ ಕಿಲೋ ಕೂಡ ಇರುವುದಿಲ್ಲ. ಹಾಗಿದ್ದ ಮೇಲೆ ಅದನ್ನೇ ರೇಡಿಯೋಗೆ ಜೋಡಿಸಿದರೆ ಆಗದೇ?

ಆಗುತ್ತದೆ. ಆದರೆ ಸುಮ್ಮನೆ ತಂತಿ ಜೋಡಿಸಿದರೆ ಆಗುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. "65 ವಾಟಿನ ಚಾರ್ಜರ್ ಹಾಕಿದರೆ ಚಿಕ್ಕ ರೇಡಿಯೋ ಸುಟ್ಟುಹೋಗುತ್ತದೆ" ಎನ್ನುವವರಿದ್ದಾರೆ. ಚಾರ್ಜರ್ ವಾಟನ್ನು ಒಳಗೆ ತಳ್ಳುವುದಿಲ್ಲ, ರೇಡಿಯೋ ತನಗೆ ಬೇಕಾದಷ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ. ಸುಡುವುದು ವೋಲ್ಟೇಜ್ ಮೀರಿದಾಗ.

ಯುಎಸ್‌ಬಿ-ಸಿ ಕಿಂಡಿಯಲ್ಲಿ ಮೊದಲಿಗೆ ಸಿಗುವುದು 5 ವೋಲ್ಟ್ ಮಾತ್ರ. ಹೆಚ್ಚು ಬೇಕಿದ್ದರೆ ಉಪಕರಣವು 'ಪವರ್ ಡೆಲಿವರಿ' ಎಂಬ ಪದ್ಧತಿಯಲ್ಲಿ ಚಾರ್ಜರನ್ನು ಕೇಳಬೇಕು. ಆಗ 9, 15 ಅಥವಾ 20 ವೋಲ್ಟ್ ಸಿಗುತ್ತದೆ. ಹ್ಯಾಮ್ ರೇಡಿಯೋಗಳು ಕೇಳುವುದೋ 13.8 ವೋಲ್ಟ್! 12 ವೋಲ್ಟ್ ಕೆಲವು ಚಾರ್ಜರುಗಳಲ್ಲಿದೆ, ಆದರೆ ಕೊಡಲೇಬೇಕೆಂಬ ನಿಯಮವಿಲ್ಲ.

ಸಮಾಧಾನದ ಸಂಗತಿಯೆಂದರೆ, ಬಹಳಷ್ಟು ರೇಡಿಯೋಗಳ ಕೈಪಿಡಿಯಲ್ಲಿ 13.8ರ ಪಕ್ಕ 'ಶೇ. 15 ಹೆಚ್ಚು-ಕಡಿಮೆ' ಎಂದಿರುತ್ತದೆ. ಅಂದರೆ 11.7ರಿಂದ 15.8 ವೋಲ್ಟ್, 15 ಅದರೊಳಗೇ ಬರುತ್ತದೆ. ಐಕಾಮ್ ಐಸಿ-705 ಈ ಬಗೆಯದು. ಎಲೆಕ್ರಾಫ್ಟ್ ಕೆಎಕ್ಸ್2ಗೆ 15 ವೋಲ್ಟೇ ಗರಿಷ್ಠ ಮಿತಿ, ಅಲ್ಲಿ ನಾವಾದರೆ ಹಿಂಜರಿಯುತ್ತೇವೆ. 15 ವೋಲ್ಟನ್ನು ಕೇಳಿ ಪಡೆಯಲು 'ಟ್ರಿಗರ್' ಎಂಬ ಬೆರಳುದ್ದದ ಸರ್ಕ್ಯೂಟ್ ಸಿಗುತ್ತದೆ. ಅದನ್ನು ತಪ್ಪಿ 20ಕ್ಕೆ ಹೊಂದಿಸಿದ್ದರೆ ರೇಡಿಯೋ ಕಥೆ ಮುಗಿಯಿತು, ಹಾಗಾಗಿ ಜೋಡಿಸುವ ಮೊದಲು ಮಲ್ಟಿಮೀಟರಿನಲ್ಲಿ ನೋಡಲೇಬೇಕು. ಚಾರ್ಜರ್ 27 ವಾಟಿಗಿಂತ ಮೇಲಿನದಾಗಿರಲಿ, ಅದಕ್ಕಿಂತ ಕೆಳಗಿನವು 15 ವೋಲ್ಟ್ ಕೊಡಬೇಕಿಲ್ಲ.

ಕರೆಂಟಿಗೂ ಮಿತಿಯಿದೆ. 15 ವೋಲ್ಟಿನಲ್ಲಿ ಸಿಗುವುದು ಹೆಚ್ಚೆಂದರೆ 3 ಆಂಪಿಯರ್. 5 ವಾಟಿನ ರೇಡಿಯೋಗೆ ಇದು ಧಾರಾಳ, 10 ವಾಟಿಗೆ ಬಿಗಿ. 20 ಆಂಪಿಯರ್ ಕುಡಿಯುವ 100 ವಾಟಿನ ಸೆಟ್ಟಿಗೆ ಈ ದಾರಿಯೇ ಇಲ್ಲ.

20,000 ಎಂಎಎಚ್ ಪವರ್ ಬ್ಯಾಂಕ್ ಎಷ್ಟು ಹೊತ್ತು ಬರುತ್ತದೆ? ಆ ಅಂಕಿ ಒಳಗಿನ 3.7 ವೋಲ್ಟಿನ ಸೆಲ್ಲುಗಳದ್ದು, ಅಂದರೆ 74 ವಾಟ್-ಅವರ್. ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದರೆ ಸುಮಾರು 60. ಕೇಳುವಾಗ 6 ವಾಟ್, ಮಾತಾಡುವಾಗ 30 ವಾಟ್ ಎಳೆಯುವ ಸೆಟ್ಟಿನಲ್ಲಿ ಐದರಲ್ಲೊಂದು ಪಾಲು ಸಮಯ ಮಾತಾಡಿದರೆ ಐದು ಗಂಟೆಗೆ ಮೋಸವಿಲ್ಲ.

ನಿಜವಾದ ತೊಡಕು ಬೇರೆಯೇ ಇದೆ: ಗದ್ದಲ. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತದೆ. ಅದರ ಪ್ರತಿಧ್ವನಿಗಳು 7 ಮೆಗಾಹರ್ಟ್ಸ್‌ನಂಥ ಹ್ಯಾಮ್ ಬ್ಯಾಂಡುಗಳವರೆಗೂ ಹರಡುತ್ತವೆ. ಫೋನಿಗೆ ಇದು ಗೊತ್ತೇ ಆಗದು. ಆದರೆ ದೂರದಿಂದ ಸೋತು ಬರುವ ದನಿಯನ್ನು ಕಿವಿಗೊಟ್ಟು ಹಿಡಿಯುವವರಿಗೆ, ಅದರಲ್ಲೂ ನೆರೆ ಬಂದು ಮೊಬೈಲ್ ಗೋಪುರಗಳು ಸತ್ತಾಗ ಸುದ್ದಿ ದಾಟಿಸುವವರಿಗೆ, ಆ ಗುರ್ ಎನ್ನುವ ಸದ್ದಿನಡಿ ಇಡೀ ಸಂದೇಶವೇ ಮುಳುಗಬಹುದು. ಒಂದು ಪವರ್ ಬ್ಯಾಂಕ್ ಮೌನವಾಗಿದ್ದರೆ ಇನ್ನೊಂದು ಕಿರುಚುತ್ತದೆ, ಬೆಲೆ ನೋಡಿ ಹೇಳಲಾಗದು. ಬ್ಯಾಟರಿಯಲ್ಲೊಮ್ಮೆ, ಪವರ್ ಬ್ಯಾಂಕಿನಲ್ಲೊಮ್ಮೆ ಅದೇ ಬ್ಯಾಂಡ್ ಕೇಳಿ ಹೋಲಿಸುವುದೇ ಪರೀಕ್ಷೆ. ಫೆರೈಟ್ ಉಂಗುರಕ್ಕೆ ಕೇಬಲ್ಲನ್ನು ನಾಲ್ಕೈದು ಸುತ್ತು ಸುತ್ತಿದರೆ, ಪವರ್ ಬ್ಯಾಂಕನ್ನು ಆಂಟೆನಾದಿಂದ ದೂರವಿಟ್ಟರೆ ಗದ್ದಲ ಎಷ್ಟೋ ತಗ್ಗುತ್ತದೆ.

ಇನ್ನೊಂದು: ಎರಡು ಕಿಂಡಿಯ ಪವರ್ ಬ್ಯಾಂಕಿಗೆ ರೇಡಿಯೋ ನಡೆಯುತ್ತಿರುವಾಗಲೇ ಫೋನನ್ನೂ ಸಿಕ್ಕಿಸಬೇಡಿ. ಹಲವು ಪವರ್ ಬ್ಯಾಂಕುಗಳು ಆ ಕ್ಷಣ ಹಂಚಿಕೆಯನ್ನು ಮರುಲೆಕ್ಕ ಹಾಕಲು 5 ವೋಲ್ಟಿಗೆ ಇಳಿಯುತ್ತವೆ, ರೇಡಿಯೋ ಮಾತಿನ ನಡುವೆಯೇ ಆರಿಹೋಗುತ್ತದೆ.