ಕೊಳ್ಳೇಗಾಲ ಸೀಮೆಯ ಯುದ್ಧಕಾಲದ ಸೈನಿಕರು: ವಂಶಚರಿತ್ರೆಯೂ ವಿದ್ವಾಂಸರ ಉದಾಸೀನವೂ

ಎರಡನೆಯ ಮಹಾಯುದ್ಧದ ಕಾಲದಲ್ಲಿ ತಮ್ಮ ತಂದೆ ಸೈನ್ಯದಲ್ಲಿದ್ದರು, ಬರ್ಮಾಕ್ಕೋ ಮಲಯಕ್ಕೋ ಹೋಗಿ ಬಂದರು ಎಂದು ಹೇಳುವ ವೃದ್ಧರು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಮಾತಿಗೆ ಸ್ಥಳೀಯ ಚರಿತ್ರೆಯ ಬರಹಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಒಂದು ಅಡಿಟಿಪ್ಪಣಿಯ ಸ್ಥಾನ; ಅದೂ ‘ಐತಿಹ್ಯ’ವೆಂಬ ಹಣೆಪಟ್ಟಿಯೊಡನೆ. ಮೈಸೂರು ಸಂಸ್ಥಾನದ ಕಡತಗಳಲ್ಲಿ ಹೆಸರು ಕಾಣಲಿಲ್ಲವೆಂಬುದು ಇದಕ್ಕೆ ಕೊಡುವ ಕಾರಣ. ಆದರೆ ಕೊಳ್ಳೇಗಾಲದವನ ಹೆಸರು ಮೈಸೂರು ಸಂಸ್ಥಾನದ ಕಡತದಲ್ಲಿ ಏಕೆ ಇರಬೇಕು? ಈ ಪ್ರಶ್ನೆಯನ್ನೇ ಕೇಳಿಕೊಳ್ಳದೆ ಒಬ್ಬ ಮನುಷ್ಯನ ಐದಾರು ವರ್ಷಗಳ ಬದುಕನ್ನು ಕಟ್ಟುಕಥೆಯ ಸಾಲಿಗೆ ಸೇರಿಸುವುದು ಸಂಶೋಧನೆಯಲ್ಲ, ಸೋಮಾರಿತನ.

ಟಿಪ್ಪುವಿನ ಪತನದ ನಂತರ ಕೊಳ್ಳೇಗಾಲವು ಕಂಪನಿಯ ಪಾಲಿಗೆ ಹೋಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗುವವರೆಗೂ ಅದು ಅಲ್ಲಿಯೇ ಇತ್ತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲದ ಭಾಗ; ಆದ್ದರಿಂದ ಅದೂ ಮದ್ರಾಸಿನದೇ. ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನಿಗೆ ಜಹಗೀರಾಗಿ ಬಂದ, ಮೈಸೂರು ಸಂಸ್ಥಾನದೊಳಗಿನ ನೆಲ. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅರ್ಧ ದಿನದ ನಡಿಗೆಯಷ್ಟೂ ದೂರವಿಲ್ಲದ ಎರಡು ಊರುಗಳ ನಡುವೆ ಒಂದೂವರೆ ಶತಮಾನ ಕಾಲ ಎರಡು ಸರ್ಕಾರಗಳ ಗಡಿ ಹಾದುಹೋಗಿತ್ತೆಂಬುದನ್ನು ಇಂದಿನ ಜಿಲ್ಲಾ ನಕಾಶೆ ಮರೆಸಿಬಿಡುತ್ತದೆ. ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ತಿಳಿಯದ ಸಂಗತಿಯೇನೂ ಅಲ್ಲ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಕದ 4ನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳಿವೆ, ಕೊಳ್ಳೇಗಾಲದವು ಇಲ್ಲ. ಅವು ಅದೇ ಸಂಪುಟಕ್ಕೆ ಸೇರಿದ್ದು ಏಕೀಕರಣವಾಗಿ ಎಷ್ಟೋ ವರ್ಷಗಳ ಮೇಲೆ ಬಂದ ಪರಿಷ್ಕೃತ ಆವೃತ್ತಿಯಲ್ಲಿ. ಹಾಗೆಂದು ಕೊಳ್ಳೇಗಾಲದಲ್ಲಿ ಅದಕ್ಕೆ ಮೊದಲು ಶಾಸನಗಳೇ ಇರಲಿಲ್ಲವೆಂದು ಯಾರೂ ವಾದಿಸಲಿಲ್ಲ. ಕಲ್ಲಿನ ವಿಷಯದಲ್ಲಿ ಪಾಲಿಸಿದ ಈ ವಿವೇಕವನ್ನು ಮನುಷ್ಯರ ವಿಷಯದಲ್ಲಿ ಕೈಬಿಟ್ಟದ್ದು ಏಕೆ?

ಗಡಿಯ ಪರಿಣಾಮ ಸೈನ್ಯದ ವಿಷಯದಲ್ಲಿ ಬಹಳ ದೊಡ್ಡದು. ಯಳಂದೂರಿನ ತರುಣನ ಮುಂದೆ ಮಹಾರಾಜರ ಸ್ವಂತ ಸೈನ್ಯವಿತ್ತು. ಅದರ ಮೈಸೂರು ಪದಾತಿದಳದ ಒಂದು ತುಕಡಿ ಮಲಯಕ್ಕೆ ಹೋಗಿ, 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಜಪಾನೀಯರ ಸೆರೆಯಾಯಿತು. ಕೊಳ್ಳೇಗಾಲದ ಅಥವಾ ಹನೂರಿನ ತರುಣನಿಗೆ ತೆರೆದಿದ್ದುದು ಮದ್ರಾಸ್ ಪ್ರಾಂತ್ಯದ ನೇಮಕಾತಿ: ಮದ್ರಾಸ್ ಸ್ಯಾಪರ್ಸ್, ಹೊಸದಾಗಿ ಮತ್ತೆ ಕಟ್ಟಿದ ಮದ್ರಾಸ್ ರೆಜಿಮೆಂಟು, ಸರಬರಾಜು ದಳ, ಪಯೋನಿಯರ್ ದಳ. ಯಳಂದೂರಿನವನೂ ಬೆಂಗಳೂರಿನ ದಂಡಿಗೆ ಹೋಗಿ ಭಾರತೀಯ ಸೈನ್ಯವನ್ನು ಸೇರಲು ಅಡ್ಡಿಯಿರಲಿಲ್ಲ; ಆದುದರಿಂದ ಊರಿನ ಹೆಸರೊಂದೇ ನಿರ್ಣಾಯಕವಲ್ಲ. ಆದರೂ ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಅದು ಹೇಳುತ್ತದೆ. ಮೈಸೂರು ಸರ್ಕಾರದ ಕಡತಗಳಿರುವುದು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಮದ್ರಾಸ್ ಸರ್ಕಾರದವು ಚೆನ್ನೈನ ಎಗ್ಮೋರಿನಲ್ಲಿ. ಸೈನಿಕನ ವೈಯಕ್ತಿಕ ಸೇವಾ ದಾಖಲೆಗಳು ಆಯಾ ರೆಜಿಮೆಂಟಿನ ದಾಖಲೆ ಕಚೇರಿಯ ವ್ಯವಹಾರ. ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ ಬೆಂಗಳೂರಿನ ಹಲಸೂರಿನ ಬಳಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ. ಇವುಗಳಲ್ಲಿ ಒಂದರ ಬಾಗಿಲನ್ನೂ ತಟ್ಟದೆ ‘ದಾಖಲೆಯಿಲ್ಲ’ ಎಂದು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಇನ್ನೊಂದು ತೊಡಕು ಹೈಫಾದ್ದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಮೈಸೂರು ಲ್ಯಾನ್ಸರ್ಸ್ ಹೈಫಾವನ್ನು ಗೆದ್ದದ್ದು ನಿಜ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು ಎಂಬ ಅಭಿಮಾನವೂ ಯುಕ್ತವೇ. ಆದರೆ ಆ ಅಭಿಮಾನ ಈಗ ಕನ್ನಡಿಗರ ಸೈನಿಕ ಚರಿತ್ರೆಯನ್ನೆಲ್ಲ ನುಂಗಿ ಕುಳಿತಿದೆ. ಕುದುರೆ, ಭರ್ಜಿ, ಅರಸು ಇವಿಲ್ಲದ ಕಡೆ ಶೌರ್ಯವಿಲ್ಲವೆಂಬ ಭಾವನೆ ವಸಾಹತುಶಾಹಿಯ ‘ಯೋಧ ಜನಾಂಗ’ ಸಿದ್ಧಾಂತಕ್ಕಿಂತ ಎಷ್ಟು ದೂರ? 1880ರ ದಶಕದಲ್ಲಿ ಮದ್ರಾಸ್ ಸೈನ್ಯದ ಮುಖ್ಯಸ್ಥನಾಗಿದ್ದ ರಾಬರ್ಟ್ಸ್ ದಕ್ಷಿಣದವರು ಯುದ್ಧಕ್ಕೆ ತಕ್ಕವರಲ್ಲವೆಂದು ತೀರ್ಮಾನಿಸಿದ. 1920ರ ದಶಕ ಮುಗಿಯುವುದರೊಳಗೆ ಮದ್ರಾಸಿನ ಪದಾತಿದಳಗಳು ವಿಸರ್ಜನೆಗೊಂಡವು. ಎರಡನೆಯ ಯುದ್ಧಕ್ಕೆ ಜನ ಬೇಕಾದಾಗ ಅದೇ ಮದ್ರಾಸ್ ಪ್ರಾಂತ್ಯ ಪಂಜಾಬಿನ ನಂತರದ ಅತಿ ದೊಡ್ಡ ನೇಮಕಾತಿಯ ನೆಲವಾಯಿತು. ಸುಮಾರು 25 ಲಕ್ಷದ ಆ ಸೈನ್ಯದಲ್ಲಿ ರಸ್ತೆ ಕಡಿದವರು, ಸೇತುವೆ ಕಟ್ಟಿದವರು, ನೆಲಬಾಂಬು ತೆಗೆದವರು, ಮೂಟೆ ಹೊತ್ತವರು ಅಸಂಖ್ಯರು. ‘ಕೂಲಿಯಾಗಿ ಹೋಗಿದ್ದ’ ಎಂದು ಪಯೋನಿಯರನನ್ನು ತಳ್ಳಿಹಾಕುವ ಕನ್ನಡದ ಇತಿಹಾಸಕಾರ ರಾಬರ್ಟ್ಸನ ಶಿಷ್ಯನೇ. ಗುರುವಿನ ಹೆಸರು ಅವನಿಗೆ ತಿಳಿದಿಲ್ಲವಷ್ಟೆ.

ಇದೇ ವಿದ್ವತ್ಪರಂಪರೆ ಆತಕೂರಿನ ಕಲ್ಲನ್ನು ಎಷ್ಟು ಪ್ರೀತಿಯಿಂದ ಓದಿದೆ! ತಕ್ಕೋಲದ ಯುದ್ಧವನ್ನು ಹೇಳುವ ಹತ್ತನೆಯ ಶತಮಾನದ ಆ ಶಾಸನ ಮಣಲೆರನ ನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನೂ ದಾಖಲಿಸುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಮಾಧಿಮರಣವನ್ನು ಹೊಂದಿದ ಮುನಿಗಳ, ಕಂತಿಯರ ಒಂದೊಂದು ಹೆಸರಿನ ಒಂದೊಂದು ಅಕ್ಷರಕ್ಕೂ ವಿದ್ವಾಂಸರು ಕಣ್ಣು ಸವೆಸಿದ್ದಾರೆ. ಅದು ಆಗಬೇಕಾದ ಕೆಲಸವೇ. ಕನಕಗಿರಿಯ ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿ ಪುರಾಣವೂ ಚರಿತ್ರೆಯೂ ಬೆರೆತಿದ್ದರೂ ಅದನ್ನು ಎಸೆದವರಿಲ್ಲ, ಜರಡಿ ಹಿಡಿದು ಬಳಸುವ ವಿದ್ಯೆ ಬೆಳೆಯಿತು. ಆ ಜರಡಿಗೆ 1945ರ ಒಂದು ಬಿಡುಗಡೆ ಪತ್ರ, ಒಂದು ಪದಕ, ಮಗಳೊಬ್ಬಳ ನೆನಪು ಅನರ್ಹವೆಂದು ಹೇಳಿದವರು ಯಾರು?

ಗ್ರಂಥಸಂಪಾದನೆಯನ್ನು ಕಲಿತವರು ಈ ಕೆಲಸಕ್ಕೆ ಸೈನ್ಯದವರಿಗಿಂತ ಹೆಚ್ಚು ಯೋಗ್ಯರು. ಮಾದ, ಮಾದೇವ ಎಂಬ ಹೆಸರು ಮಲೆ ಮಹದೇಶ್ವರನ ಸೀಮೆಯಲ್ಲಿ ಮನೆಮನೆಯಲ್ಲೂ ಉಂಟು. ತಮಿಳು ಲಿಪಿಯಲ್ಲಿ ತ-ದ ಎರಡಕ್ಕೂ ಒಂದೇ ಅಕ್ಷರ, ಕ-ಗ ಎರಡಕ್ಕೂ ಒಂದೇ; ಹಕಾರ ಆ ಲಿಪಿಯ ಮೂಲ ವರ್ಣಮಾಲೆಯಲ್ಲಿಲ್ಲ. ಕನ್ನಡದ ಬಾಯಿ ಹೇಳಿದ ಹೆಸರನ್ನು ತಮಿಳು ಬಲ್ಲ ಗುಮಾಸ್ತ ಕೇಳಿ ಇಂಗ್ಲಿಷಿನಲ್ಲಿ ಬರೆದಾಗ ಮಾದನು ‘ಮಾಥ’ನಾಗಿರಬಹುದು, ಹನೂರು ‘ಅನೂರ್’ ಆಗಿರಬಹುದು. ಹೆಬ್ಬೆರಳೊತ್ತಿದವನು ಕಾಗುಣಿತವನ್ನು ತಿದ್ದಲಾರ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯವನ್ನು ಊಹಿಸಿ ಶುದ್ಧಪಾಠವನ್ನು ಕಟ್ಟುವವರಿಗೆ ಇದು ಪರಿಚಿತ ವಿದ್ಯೆ. ಕಾಗುಣಿತ ಕೂಡಲಿಲ್ಲವೆಂದು ಹುಡುಕಾಟವನ್ನು ನಿಲ್ಲಿಸುವ ಸಂಶೋಧಕ ಪಂಪಭಾರತದ ಪಾಠಾಂತರಗಳ ಮುಂದೆ ಏನು ಮಾಡಿಯಾನು?

ಮನೆತನದವರೂ ಟೀಕೆಗೆ ಹೊರತಲ್ಲ. ತಂದೆ ಸಿಪಾಯಿಯಾಗಿದ್ದರೆಂಬ ಮಾತು ಎರಡು ತಲೆಮಾರಿನಲ್ಲಿ ಕ್ಯಾಪ್ಟನ್ ಆಗಿದ್ದರೆಂದು ಬೆಳೆಯುತ್ತದೆ. ಮಲಯಕ್ಕೆ ಹೋದವರೆಲ್ಲ ನೇತಾಜಿಯವರ ಸೈನ್ಯದವರಾಗುತ್ತಾರೆ. ಸಿಂಗಪುರದಲ್ಲಿ ಸೆರೆಸಿಕ್ಕ ಸಾವಿರಾರು ಜನ ಆಜಾದ್ ಹಿಂದ್ ಫೌಜನ್ನು ಸೇರಿದರು; ಸಾವಿರಾರು ಜನ ಸೇರದೆ ಸೆರೆಯಲ್ಲಿ ನವೆದರು. ಇಬ್ಬರ ಮಕ್ಕಳಿಗೂ ನಿಜ ತಿಳಿಯುವ ಹಕ್ಕಿದೆ. ಪೆಟ್ಟಿಗೆಯಲ್ಲಿರುವ ಪದಕವೇ ಎಷ್ಟೋ ವೇಳೆ ಜಗಳವನ್ನು ತೀರಿಸೀತು: ನಕ್ಷತ್ರದ ಮೇಲೆಯೇ ‘ಬರ್ಮಾ’ ಎಂದೋ ‘ಪೆಸಿಫಿಕ್’ ಎಂದೋ ಕೆತ್ತಿರುತ್ತದೆ. ಮಲಯದ ಕದನಕ್ಕೆ ಕೊಟ್ಟದ್ದು ಎರಡನೆಯದನ್ನು. ಹಾಗೆಯೇ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ತಂದೆಯ ಹೆಸರಿಲ್ಲವೆಂದು ಕೊರಗುವವರಿದ್ದಾರೆ. ಅದು ಮಡಿದವರ ಪಟ್ಟಿ. ಸತ್ತವನಿಗೆ ತಂದೆಯ ಹೆಸರು, ಊರು, ಜಿಲ್ಲೆಯ ಸಮೇತ ದಾಖಲೆ ದೊರೆಯುವುದುಂಟು. ಬದುಕಿ ಬಂದು ಗುಡ್ಡದಂಚಿನಲ್ಲಿ ರಾಗಿ ಬೆಳೆದವನಿಗೆ ಅದೂ ಇಲ್ಲ. ವಂಶಚರಿತ್ರೆಯನ್ನು ಹುಡುಕುವ ಮಕ್ಕಳು ಬಹುಪಾಲು ಈ ಎರಡನೆಯವನ ಮಕ್ಕಳು.

ಪಂಜಾಬಿನ ವಿಷಯ ಹೀಗಿಲ್ಲ. ಮೊದಲ ಮಹಾಯುದ್ಧದ ಸುಮಾರು 3,20,000 ಪಂಜಾಬಿ ಸೈನಿಕರ, ಊರೂರಿನ ಲೆಕ್ಕದ ದಫ್ತರಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಧೂಳು ಹಿಡಿದು ಬಿದ್ದಿದ್ದವು. ಬ್ರಿಟನ್ನಿನ ಪಂಜಾಬಿ ಸಂಘಟನೆಯೊಂದು ವಿಶ್ವವಿದ್ಯಾಲಯವೊಂದರ ನೆರವಿನಿಂದ 2021ರಿಂದ ಅವನ್ನು ಅಂತರ್ಜಾಲದಲ್ಲಿ ತೆರೆಯಿತು. ವಲಸೆ ಹೋದ ಮೊಮ್ಮಕ್ಕಳು ಹಟ ಹಿಡಿದದ್ದರಿಂದ ಆದ ಕೆಲಸವದು. ಇಲ್ಲಿ ಅಂಥ ಹಟ ಕನ್ನಡ ವಿಭಾಗಗಳಲ್ಲಿ ಹುಟ್ಟಬೇಕಿತ್ತು. ಕೊಳ್ಳೇಗಾಲದ ಬಗ್ಗೆ ಬರುವ ಪ್ರಬಂಧಗಳು ಜನಪದ ಮಹಾಕಾವ್ಯಗಳನ್ನೂ ರೇಷ್ಮೆಯನ್ನೂ ಬಿಟ್ಟು ಕದಲುವುದು ಅಪರೂಪ. ಕಂಸಾಳೆಯವರಿಂದ ಅಹೋರಾತ್ರಿ ಧ್ವನಿಮುದ್ರಿಸಿಕೊಳ್ಳುವ ಕ್ಷೇತ್ರಕಾರ್ಯಕರ್ತನಿಗೆ ಪಕ್ಕದ ಜಗಲಿಯ ಮೇಲೆ ಕುಳಿತ ಎಂಬತ್ತರ ಮುದುಕಿಯ ತಂದೆ ಎಲ್ಲಿಗೆ ಹೋಗಿದ್ದರೆಂದು ಕೇಳಲು ಪುರುಸೊತ್ತಿಲ್ಲ.

ಕೇಳಬೇಕಾದದ್ದು ದೊಡ್ಡ ಪ್ರಶ್ನೆಗಳನ್ನೇನೂ ಅಲ್ಲ. ಯಾವ ಯುದ್ಧ, ಯಾವ ದಳ ಎಂದರೆ ಅವರಿಗೆ ಹೊಳೆಯಲಾರದು. ಕೊಳ್ಳೇಗಾಲಕ್ಕೆ ಆಗಲೂ ರೈಲಿರಲಿಲ್ಲ, ಈಗಲೂ ಇಲ್ಲ. ಅಪ್ಪ ರೈಲು ಹತ್ತಲು ಮೈಸೂರಿನ ಕಡೆಗೆ ಹೋದರೋ, ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲದ ಕಡೆಗೆ ಹೋದರೋ. ಮನಿಯಾರ್ಡರಿನ ಕಾಗದ ಯಾವ ಭಾಷೆಯಲ್ಲಿರುತ್ತಿತ್ತು. ಅದನ್ನು ಓದಿ ಹೇಳುತ್ತಿದ್ದವರು ಯಾರು.