‘ಸರ್ವರ್ ಡೌನ್’ ಎಂಬ ಸಬೂಬು ಸಾಕು

ತಲಕಾಡಿನ ರೈತರು ಜಮೀನಿನ ಕ್ರಯಪತ್ರ ಮಾಡಿಸಬೇಕಾದರೆ ಸಾಮಾನ್ಯವಾಗಿ ತಿ. ನರಸೀಪುರದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ. ಕೊಳ್ಳುವವರು, ಮಾರುವವರು, ಸಾಕ್ಷಿಗಳು, ಒಂದು ಕಾರು ತುಂಬ ಜನ. ರಾಹುಕಾಲ ತಪ್ಪಿಸಿ ಹಿಡಿದ ಸಮಯ ಬೇರೆ. ಅಷ್ಟೆಲ್ಲ ಆದಮೇಲೆ ‘ಸರ್ವರ್ ಡೌನ್, ನಾಳೆ ಬನ್ನಿ’ ಅಂದರೆ ಯಾರೂ ಜಗಳ ತೆಗೆಯುವುದಿಲ್ಲ. ಹಣೆಬರಹ ಅಂದುಕೊಂಡು ವಾಪಸಾಗುತ್ತಾರೆ.

ಜಗಳ ತೆಗೆಯಬೇಕಿತ್ತು.

2025ರ ಜನವರಿ–ಫೆಬ್ರುವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಮುಗ್ಗರಿಸಿ, ರಾಜ್ಯದಾದ್ಯಂತ ನೋಂದಣಿ ಸ್ಥಗಿತವಾಯಿತು. ಇದು ಸೈಬರ್ ದಾಳಿ ಎಂದ ಸರ್ಕಾರ ಪೊಲೀಸರಿಗೆ ದೂರು ಕೊಟ್ಟಿತು. ಆಗಿನ ವರದಿಗಳ ಪ್ರಕಾರ 62 ಇಮೇಲ್ ಖಾತೆ ಬಳಸಿ, 14 ಐಪಿ ವಿಳಾಸಗಳಿಂದ, ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳನ್ನು ಸುರಿಯಲಾಗಿತ್ತು. ಗುರಿಯಾದದ್ದು ಇ.ಸಿ. (ಋಣಭಾರ ಪ್ರಮಾಣಪತ್ರ) ಹುಡುಕುವ ಸೌಲಭ್ಯ.

ದಾಳಿ ಮಾಡಿದವರು ತಪ್ಪಿತಸ್ಥರೇ, ಅನುಮಾನವಿಲ್ಲ. ಆದರೆ ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 86 ಕೋರಿಕೆ. ಹಳೆಯ ದಾಖಲೆ ಜಾಲಾಡುವ ಕೆಲಸ ಭಾರವಾದದ್ದು, ನಿಜ. ಹಾಗಿದ್ದರೆ ಒಂದು ಖಾತೆ ಗಂಟೆಗೆ ಇಷ್ಟೇ ಸಲ ಹುಡುಕಬಹುದು ಎಂಬ ಮಿತಿ ಮೊದಲೇ ಇರಬೇಕಿತ್ತು. ಅದಕ್ಕಿಂತ ದೊಡ್ಡ ಪ್ರಶ್ನೆ, ಇ.ಸಿ. ಹುಡುಕಾಟ ಕೆಟ್ಟರೆ ಕ್ರಯಪತ್ರದ ನೋಂದಣಿ ಏಕೆ ನಿಲ್ಲಬೇಕು? ಒಂದು ತೂಬು ಒಡೆಯಿತೆಂದು ಮಾಧವಮಂತ್ರಿ ನಾಲೆಯನ್ನೇ ಯಾರೂ ಮುಚ್ಚುವುದಿಲ್ಲ. ಒಂದು ಭಾಗದ ಪೆಟ್ಟು ಇನ್ನೊಂದಕ್ಕೆ ತಾಗದಂತೆ ಎರಡನ್ನೂ ಬೇರೆ ಬೇರೆ ಯಂತ್ರ, ಬೇರೆ ಬೇರೆ ದತ್ತಾಂಶ ಪ್ರತಿಗಳ ಮೇಲೆ ನಡೆಸುವುದು ತಂತ್ರಾಂಶ ವೃತ್ತಿಯ ಹಳೆಯ ಪಾಠ.

ಇದೇ ಕಾಯಿಲೆ ಯುಪಿಐಗೂ ಬಂದಿತ್ತು. 2025ರ ಏಪ್ರಿಲ್ 12ರಂದು ದೇಶವಿಡೀ ಫೋನ್ ಪಾವತಿ ಕೈಕೊಟ್ಟಾಗ, ಕೆಲವು ಬ್ಯಾಂಕುಗಳು ‘ಹಣ ಹೋಯಿತೇ?’ ಎಂದು ವ್ಯವಸ್ಥೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದದ್ದೇ ಕಾರಣವೆಂದು ಗೊತ್ತಾಯಿತು. ಯುಪಿಐ ನಡೆಸುವ ಎನ್‌ಪಿಸಿಐ ಇಂಥ ವಿಚಾರಣೆಗಳಿಗೆ ಕಡಿವಾಣ ಹಾಕಿತು. ಅದೇ ವರ್ಷದ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು.

ಕಾವೇರಿಗೆ ಇನ್ನೊಂದು ತೊಡಕಿದೆ. ಅದು ಒಂಟಿಯಲ್ಲ, ಪಹಣಿಗೆ ‘ಭೂಮಿ’ ತಂತ್ರಾಂಶ, ಹಳ್ಳಿಯ ಸೈಟಿಗೆ ಇ-ಸ್ವತ್ತು, ಶುಲ್ಕಕ್ಕೆ ಖಜಾನೆ-2 ಹೀಗೆ ಹಲವು ವ್ಯವಸ್ಥೆಗಳಿಗೆ ಜೋತುಬಿದ್ದಿದೆ. ನೋಂದಣಿಗೆ ಅಂಥ ನಾಲ್ಕು ಒಟ್ಟಿಗೆ ಬೇಕು, ಒಂದೊಂದೂ ಶೇ 99ರಷ್ಟು ಹೊತ್ತು ಸರಿಯಿರುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕೂ ಕೂಡಿ ಸಿಗುವುದು ಶೇ 96. ವರ್ಷಕ್ಕೆ ಹದಿನಾಲ್ಕು ದಿನದಷ್ಟು ಕೆಲಸ ಬಂದ್! ಇದರ ಮದ್ದು ಬರೀ ದೊಡ್ಡ ಸರ್ವರ್ ಅಲ್ಲ. ಪಹಣಿ ಪರಿಶೀಲನೆ ಸಿಗದ ದಿನ ಸಹಿ, ಬೆರಳಚ್ಚು, ಫೋಟೊ ಮುಗಿಸಿ, ದಾಖಲೆಯನ್ನು ‘ಬಾಕಿ’ ಎಂದು ಇರಿಸಿಕೊಂಡು, ಪರಿಶೀಲನೆ ಆದಮೇಲೆ ಅಂತಿಮಗೊಳಿಸುವ ದಾರಿ ಬೇಕು. ಆಗ ಸಾಕ್ಷಿಗಳನ್ನು ಮತ್ತೊಮ್ಮೆ ತಲಕಾಡಿನಿಂದ ಹೊರಡಿಸಬೇಕಿಲ್ಲ.

ಇಲಾಖೆ ಇನ್ನು ಎರಡು ಕೆಲಸ ಮಾಡಲಿ. ತಂತ್ರಾಂಶ ಎಷ್ಟು ಗಂಟೆ ನಿಂತಿತ್ತು, ಏಕೆ ನಿಂತಿತ್ತು ಎಂಬುದನ್ನು ಪ್ರತಿ ತಿಂಗಳೂ ಪ್ರಕಟಿಸಲಿ. ನಿಂತ ದಿನ ಸ್ಲಾಟ್ ಪಡೆದವರಿಗೆ ಬೆಳಿಗ್ಗೆಯೇ ಎಸ್‌ಎಂಎಸ್ ಕಳಿಸಲಿ.